ಒಂದೇ ಬಿಸಿಯಲ್ಲಿ ನಿಲ್ಲುವ ಹೀಟರ್

"ರೂಮ್ ಹೀಟರಾ?" ಅವಿನಾಶ ಕೈಯಲ್ಲಿದ್ದ ಚಹಾದ ಗ್ಲಾಸನ್ನು ಕೌಂಟರಿನ ಮೇಲಿಟ್ಟ. "ಸ್ನಾನದ ನೀರಿಗಲ್ಲ?"

"ಅಲ್ಲ. ಕೋಣೆ ಬಿಸಿ ಮಾಡುವುದು," ಎಂದಳು ಶಾರನ್.

ಹೊಸಂಗಡಿಯಲ್ಲಿ ಅಂಗಡಿ ಹಾಕಿದಂದಿನಿಂದ ಅವಿನಾಶನಲ್ಲಿಗೆ ಫ್ಯಾನು, ಕೂಲರು, ಏಸಿ ಕೇಳಿಕೊಂಡು ಬಂದವರೇ ಎಲ್ಲ. ಬೆವರು ಒರೆಸಿಯೇ ಆಯುಷ್ಯ ಕಳೆಯುವ ಊರಿನಲ್ಲಿ ಸೆಕೆಯನ್ನು ದುಡ್ಡು ಕೊಟ್ಟು ಕೊಳ್ಳುವವರನ್ನು ಅವನು ಕಂಡಿರಲಿಲ್ಲ. ನಗು ಬಂದದ್ದು ನಿಜ. ಆದರೆ ಅವಳ ಹಿಂದೆ ಸ್ಟೂಲಿನಲ್ಲಿ ಕುಳಿತಿದ್ದ ಮಾವ ಝೇವಿಯರ್ ಅವರ ಸ್ವೆಟರು, ಕಿವಿ ಮುಚ್ಚುವ ಟೊಪ್ಪಿ, ಎಡಗೈಯ ಬ್ಯಾಂಡೇಜು ಕಂಡ ಮೇಲೆ ಅದನ್ನು ನುಂಗಿಕೊಂಡ. ಶಾಲೆಗೆ ಹೋಗುವಾಗ ಅವನು ತಿಂದ ಬನ್ನುಗಳನ್ನೆಲ್ಲ ಊರಿನ ಬೇಕರಿಯಲ್ಲಿ ಸುಟ್ಟದ್ದು ಇದೇ ಮನುಷ್ಯ.

ಮಾವ ಸೊಸೆ ಡಯಾಲಿಸಿಸ್ ಮುಗಿಸಿ ಬರುತ್ತಿದ್ದರು. ಮಂಗಳವಾರ ಮತ್ತು ಶುಕ್ರವಾರ, ವರ್ಷದಿಂದ ಇದೇ ಪಾಡು. ಈಚೆಗೆ ಝೇವಿಯರ್ ಅವರಿಗೆ ಮೈಯೊಳಗಿನಿಂದಲೇ ಚಳಿ ಏಳುತ್ತಿತ್ತು. ಆಟಿ ತಿಂಗಳ ಜಡಿಮಳೆಯೂ ಸೇರಿಕೊಂಡು ಮೂರು ಹೊದಿಕೆ ಸಾಲದಾಯಿತು. ಅದನ್ನಾದರೂ ಸಹಿಸಬಹುದಿತ್ತು. ಕಳೆದ ಮಂಗಳವಾರ ಅವರು, ಸಾಕು, ಇನ್ನು ಬರುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಗುರುವಾರದ ಹೊತ್ತಿಗೆ ಕಾಲು ಊದಿ ಉಸಿರು ಕಟ್ಟತೊಡಗಿತು. ಇಂದು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದದ್ದು. ಇನ್ನೊಮ್ಮೆ ತಪ್ಪಿಸಿದರೆ ಜೀವಕ್ಕೆ ಅಪಾಯವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿ ಕಳಿಸಿದ್ದರು. ಕಾರಿನಲ್ಲಿ ಝೇವಿಯರ್ ಆಡಿದ್ದು ಒಂದೇ ಮಾತು. "ಮಂಗಳವಾರ ನಾನು ಬರುದಿಲ್ಲ. ಈಗಲೇ ಹೇಳಿದ್ದೇನೆ."

ಶಾರನ್ ಬೇಡಿ, ಗದರಿ, ಅತ್ತು, ಎಲ್ಲ ಮುಗಿದಿತ್ತು. ಬೆಚ್ಚಗಿದ್ದರಾದರೂ ಮನಸ್ಸು ಬದಲಾದೀತೇನೋ ಎಂಬ ಆಸೆಯಿಂದ ಕಾರು ನಿಲ್ಲಿಸಿದ್ದಳು.

ಅವಿನಾಶ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದ. "ಇದು ಕಾಯಿಲಿನದ್ದು, ಕೂಡಲೇ ಬಿಸಿ, ಆದರೆ ಗಾಳಿ ಒಣಗ್ತದೆ. ಇದು ಫ್ಯಾನಿನದ್ದು, ಶಬ್ದ ಜಾಸ್ತಿ. ಇದು ಎಣ್ಣೆ ತುಂಬಿದ್ದು, ಸ್ಮಾರ್ಟ್. ಫೋನಿನಲ್ಲೇ ಆನ್ ಆಫ್ ಮಾಡ್ಲಿಕ್ಕೆ ಆಗ್ತದೆ. ಮಂಗಳೂರಿನಿಂದ ಆದಿತ್ಯವಾರಕ್ಕೆ ತರಿಸಿ ಕೊಡ್ತೇನೆ."

ದೋಹಾದಿಂದ ವಿಡಿಯೋ ಕಾಲ್‌ನಲ್ಲಿದ್ದ ಗಂಡ ಕ್ಲಿಫರ್ಡ್, "ಸ್ಮಾರ್ಟೇ ತೆಕ್ಕೊ. ನಾನು ಇಲ್ಲಿಂದಲೇ ನೋಡಿಕೊಳ್ತೇನೆ," ಎಂದ.

"ಚಳಿ ಇಲ್ಲಿ, ಸ್ವಿಚ್ ದೋಹಾದಲ್ಲಿ. ಒಳ್ಳೆ ಕಥೆ," ಎಂದಳು ಶಾರನ್. "ನನಗೆ ಒತ್ತಿದರೆ ಬಿಸಿಯಾಗುವಂಥದ್ದು ಸಾಕು ಮಾರಾಯ. ಇನ್ನೊಂದು ಆ್ಯಪ್ ಕಲೀಲಿಕ್ಕೆ ನನ್ನಿಂದಾಗುದಿಲ್ಲ."

ಕಾಯಿಲಿನದ್ದೇ ಇರಲಿ ಎಂದು ಅವಳು ಹೇಳುವಷ್ಟರಲ್ಲಿ ಸ್ಟೂಲಿನ ಕಡೆಯಿಂದ ಸ್ವರ ಬಂತು.

"ಆ ಕೊನೇದ್ದು ಒಂದೇ ಬಿಸಿಯಲ್ಲಿ ನಿಲ್ತದಾ?"

ಇಬ್ಬರೂ ತಿರುಗಿ ನೋಡಿದರು. ವಾರಗಳಿಂದ ಬೇಡ ಎಂಬ ಪದ ಬಿಟ್ಟು ಬೇರೇನೂ ಬಾರದ ಬಾಯಿ ಅದು.

"ನಿಲ್ತದೆ. ನೀವು ಮೂವತ್ತು ಇಟ್ಟರೆ ಮೂವತ್ತೇ. ಏರುದೂ ಇಲ್ಲ, ಇಳಿಯುದೂ ಇಲ್ಲ," ಎಂದ ಅವಿನಾಶ.

"ಹಾಗಾದರೆ ಅದೇ ಇರಲಿ ಬಾಯೆ," ಎಂದರು ಝೇವಿಯರ್. ಮಗಳಂಥವರನ್ನು ಕೊಂಕಣಿಯಲ್ಲಿ ಹಾಗೆ ಕರೆಯುವುದುಂಟು. ಅವರ ಬಾಯಿಂದ ಆ ಮಾತು ಕೇಳಿ ಶಾರನ್‌ಗೆ ಎಷ್ಟೋ ಕಾಲವಾಗಿತ್ತು.

ಹೀಟರು ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ಬಂತು. ಬಿಳಿ ಬಣ್ಣ, ಅಡಿಯಲ್ಲಿ ಗಾಲಿಗಳು, ಎದೆಯ ಮೇಲೆ ಹೊಳೆಯುವ ಅಂಕಿ. ಕ್ಲಿಫರ್ಡ್ ಹೇಳುತ್ತ ಹೋದ, ಅವಳು ಆಕಳಿಸುತ್ತ ಒತ್ತುತ್ತ ಹೋದಳು. ಕೊನೆಗೆ ಆ್ಯಪು ಅವನ ಫೋನಿನಲ್ಲೇ ಉಳಿಯಿತು, ಅವಳು ಬೇಡವೆಂದೇ ಬಿಟ್ಟಳು. ಅಂದು ರಾತ್ರಿ ಮಾವ ಬಿಸಿನೀರಿನ ಚೀಲಕ್ಕೆಂದು ಅವಳನ್ನು ಎಬ್ಬಿಸಲಿಲ್ಲ. ಬೆಳಗಾಗುವವರೆಗೆ ಎಚ್ಚರವೇ ಇಲ್ಲದ ಹಾಗೆ ಮಲಗಿದಳು.

ಸೋಮವಾರ ಇಡೀ ಝೇವಿಯರ್ ಹೀಟರಿನ ಎದುರು ಕುಳಿತು ಗುಂಡಿ ಒತ್ತುವುದು, ಕಾಯುವುದು, ಅಂಗೈ ಚಾಚುವುದು ಇದನ್ನೇ ಮಾಡಿದರು. ಚಿಕ್ಕ ಮಕ್ಕಳ ಕೈಗೆ ಆಟದ ಸಾಮಾನು ಸಿಕ್ಕಿದಂತಾಯಿತು ಎಂದುಕೊಂಡಳು ಶಾರನ್. ಸಂಜೆ ಅವರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನರ್ಸು ಕಲಿಸಿಕೊಟ್ಟ ಪರೀಕ್ಷೆ, ನೀರು ತುಂಬಿದ್ದರೆ ಕುಳಿ ಬೀಳುತ್ತದೆ. ಬೆರಳು ತೆಗೆದರೂ ಕುಳಿ ಹಾಗೆಯೇ ನಿಂತಿತು.

"ಹುಳಿ ಹೆಚ್ಚಾದ ಹಿಟ್ಟು," ಎಂದರು ಝೇವಿಯರ್. "ಒತ್ತಿದರೆ ವಾಪಾಸು ಬರುದಿಲ್ಲ. ಅದನ್ನು ಬಿಸಾಡುದು."

"ಪಪ್ಪಾ, ಹಾಗೆಲ್ಲ ಹೇಳ್ಬೇಡಿ."

"ನಾಳೆ ಮಂಗಳವಾರ ಅಲ್ಲ?"

"ಹೌದು," ಎಂದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಂಗಳವಾರ ಬೆಳಿಗ್ಗೆ ಜಗಳಕ್ಕೆಂದೇ ಗಟ್ಟಿ ಕಾಫಿ ಕುಡಿದು ಮಾವನ ಕೋಣೆಯ ಬಾಗಿಲು ತಳ್ಳಿದಳು. ಝೇವಿಯರ್ ಅಂಗಿಯ ಗುಂಡಿ ಹಾಕಿ, ತಲೆ ಬಾಚಿ, ಮಂಚದ ತುದಿಯಲ್ಲಿ ಕುಳಿತಿದ್ದರು. ಉಗುರಿನ ಸಂದಿಯಲ್ಲಿ ಬಿಳಿ ಏನೋ ಅಂಟಿತ್ತು. ಹೀಟರಿನಿಂದ ಒಂದು ಮಾರು ದೂರದಲ್ಲಿ, ಮಣೆಯ ಮೇಲೆ ಅವಳ ದೊಡ್ಡ ಸ್ಟೀಲು ಪಾತ್ರೆ, ಅದರ ಮೇಲೆ ಒದ್ದೆ ಬಟ್ಟೆ. ಬಗ್ಗಿ ಬಟ್ಟೆ ಸರಿಸಿದಳು. ಮೈದಾ ಹಿಟ್ಟಿನ ಉಂಡೆ. ನೆತ್ತಿಯಲ್ಲಿ ಅಂಗೈಯ ಬದಿಯಿಂದ ಒತ್ತಿದ ಶಿಲುಬೆ. ಕ್ರಿಸ್ತುವರ ಮನೆಗಳಲ್ಲಿ ಹಿಟ್ಟು ನಾದಿಟ್ಟ ಮೇಲೆ ಚೆನ್ನಾಗಿ ಉಬ್ಬಲಿ ಎಂದು ಹಾಗೆ ಗುರುತು ಮಾಡುತ್ತಾರೆ, ಅವಳ ಅಮ್ಮನೂ ಮಾಡುತ್ತಿದ್ದಳು.

"ಈಸ್ಟ್ ಎಲ್ಲಿಂದ?"

"ಫ್ರಿಜ್ಜಿನಲ್ಲಿ ಕ್ರಿಸ್‌ಮಸ್ಸಿನದ್ದು ಉಳಿದಿತ್ತು. ಸ್ವಲ್ಪವೇ ಹಾಕಿದ್ದೇನೆ. ಬೇಗ ಏರಿದರೆ ನಾವು ಬರುವಾಗ ಬಿದ್ದುಹೋಗ್ತದೆ. ಬಂದ ಮೇಲೆ ನಿನ್ನ ಕೇಕಿನ ಓವನ್ ಬೇಕು."

ನಾವು ಬರುವಾಗ. ಶಾರನ್ ಬಟ್ಟೆಯನ್ನು ಮೊದಲಿನಂತೆಯೇ ಮುಚ್ಚಿದಳು.

"ಇದಕ್ಕೇ ಈ ಹೀಟರಾ ಪಪ್ಪಾ?"

"ಚಳಿಯೂ ಉಂಟು," ಎಂದರು ಅವರು, ಚಪ್ಪಲಿ ಹುಡುಕುತ್ತ. "ಬೇಕರಿಯಲ್ಲಿ ಬ್ರೆಡ್ ಬೇಯಿಸುವ ಬೋರ್ಮದ ಹಿಂದಿನ ಗೋಡೆ ಇಡೀ ದಿನ ಒಂದೇ ಬಿಸಿ. ಹಿಟ್ಟನ್ನೂ ಅಲ್ಲೇ ಇಡುದು, ನಾವೂ ಅಲ್ಲೇ ಮಲಗುದು. ಈ ಮಳೆಯಲ್ಲಿ ಬೇರೆ ಎಲ್ಲಿಟ್ಟರೂ ಆಗುದಿಲ್ಲ."

ಡಯಾಲಿಸಿಸ್ ಕೇಂದ್ರದಲ್ಲಿ ಏಸಿ ಎಂದಿನಂತೆ ಕೊರೆಯುತ್ತಿತ್ತು. ಯಂತ್ರ ಸುತ್ತತೊಡಗಿದ ಮೇಲೆ ಶಾರನ್ ಮಾವನಿಗೆ ಕುತ್ತಿಗೆಯವರೆಗೆ ಹೊದಿಸಿ, ಪಕ್ಕದ ಕುರ್ಚಿಯಲ್ಲಿ ಕುಳಿತು ಗೋಡೆಗೆ ತಲೆ ಆನಿಸಿದಳು. ಸ್ವಲ್ಪ ಹೊತ್ತಿಗೇ ಕ್ಲಿಫರ್ಡ್‌ನ ಮೆಸೇಜು ಬಂತು. 'ನೀವು ಆಸ್ಪತ್ರೆಯಲ್ಲಿ, ಇಲ್ಲಿ ನೋಡಿದರೆ ಹೀಟರ್ ಆನ್. ಮರೆತದ್ದಾ? ಆಫ್ ಮಾಡಿದ್ದೇನೆ.'

ಅವಳು ಹೊರಗಿನ ವರಾಂಡಕ್ಕೆ ಹೋಗಿ ಫೋನ್ ಮಾಡಿದಳು. ಹೊರಗೆ ಮಳೆ ಸುರಿಯುತ್ತಲೇ ಇತ್ತು.

"ಆನ್ ಮಾಡು."

"ಜನ ಇಲ್ಲದ ಮನೆಯಲ್ಲಿ ಹೀಟರ್ ಇಡುದಾ? ನಿದ್ದೆಗಣ್ಣಲ್ಲಿ ಇದ್ದೀಯಾ ಎಂತ? ಬೆಂಕಿ ಗಿಂಕಿ ಹಿಡಿದರೆ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೇರೆ ದಿನವಾದರೆ ಅವಳೂ ಹೂಂ ಅನ್ನುತ್ತಿದ್ದಳು. ಸುಸ್ತಾದವರಿಗೆ ಹೂಂ ಅನ್ನುವಷ್ಟು ಸುಲಭದ ಕೆಲಸ ಬೇರೊಂದಿಲ್ಲ.

"ಅದರ ಹತ್ತಿರ ಎಂತದೂ ಇಲ್ಲ, ನೋಡಿಯೇ ಬಂದಿದ್ದೇನೆ. ಬೇಕಾದರೆ ಪಕ್ಕದ ಮನೆಯ ಬೆನೆಡಿಕ್ಟಾ ಬಾಯಿಗೆ ಕೀಲಿಕೈ ಎಲ್ಲುಂಟು ಅಂತ ಗೊತ್ತುಂಟು, ಅವರು ಹೋಗಿ ಕೂತ್ಕೊಳ್ಳಲಿ. ಆದರೆ ಈಗ ಆನ್ ಮಾಡು. ಪಪ್ಪ ಹಿಟ್ಟು ಇಟ್ಟು ಬಂದಿದ್ದಾರೆ."

"ಎಂತ ಹಿಟ್ಟು?"

"ಬ್ರೆಡ್ಡಿನದ್ದು. ನಾನು ಕರೆಯುವ ಮೊದಲೇ ಅಂಗಿ ಹಾಕಿ ಕೂತಿದ್ರು ಕ್ಲಿಫಿ. ಬಂದು ಬೇಯಿಸಬೇಕಂತೆ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಎಷ್ಟರಲ್ಲಿ ಇಡಬೇಕು?" ಎಂದು ಕೇಳಿದ ಕ್ಲಿಫರ್ಡ್.

"ಮೂವತ್ತು. ಮತ್ತೆ ಮುಟ್ಟಬೇಡ."

ಅವಳು ಒಳಗೆ ಬಂದಾಗ ಝೇವಿಯರ್ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಬೇಕೆಂದು ಸದ್ದಿಲ್ಲದೆ ಕುಳಿತಳು. ಫೋನು ಮಿನುಗಿತು, ಕ್ಲಿಫರ್ಡ್ ಕಳಿಸಿದ ಅಂಕಿ, ಇಪ್ಪತ್ತಾರು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು. ಅವನು ಕೆಲಸ ಬಿಟ್ಟು ಇದನ್ನೇ ನೋಡುತ್ತ ಕುಳಿತಿದ್ದ.

"ಎಷ್ಟು ಉಂಟು?" ಕಣ್ಣು ತೆರೆಯದೆಯೇ ಕೇಳಿದರು ಝೇವಿಯರ್.

"ಇಪ್ಪತ್ತೆಂಟು ಪಪ್ಪಾ. ಏರ್ತಾ ಉಂಟು."

ಯಂತ್ರ ನಿಲ್ಲುವ ಹೊತ್ತಿಗೆ ಶಾರನ್ ಹೊದಿಕೆಯ ತುದಿ ಸರಿಸಿ ಅವರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಝೇವಿಯರ್ ದಿಂಬಿನಿಂದ ತಲೆ ಎತ್ತಿ ನೋಡಿದರು. ಅವಳು ಬೆರಳು ತೆಗೆದಳು. ಕುಳಿ ಒಂದು ಗಳಿಗೆ ಹಾಗೆಯೇ ಇದ್ದು, ಆಮೇಲೆ ನಿಧಾನಕ್ಕೆ ತುಂಬಿಕೊಳ್ಳತೊಡಗಿತು.