ಅಟ್ಟದ ಮೇಲಿನ ಲ್ಯಾಪ್‌ಟಾಪ್

ಗುಂಡಿಗಳ ನಡುವಿನ ಸಂದಿಯಲ್ಲಿ ಜಿರಳೆಯ ಕಾಲು, ಬರೀ ಕಾಲು, ಉಳಿದ ಜಿರಳೆ ಎಲ್ಲಿ ಹೋಯಿತೋ, ಇನ್ನೂ ಒಳಗೇ ಇದೆಯೋ ಏನೋ, ಥೂ, ಶಶಿರೇಖಾ ಕೈ ಹಿಂದಕ್ಕೆಳೆದುಕೊಂಡಳು, ಆದರೆ ರಿಪೇರಿಯ ಚನ್ನಬಸವರಾಜನಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ, ಗುಟ್ಕಾ ತುಂಬಿದ ಬಾಯಿ ಮೇಲಕ್ಕೆತ್ತಿ, ರಸ ಸೋರದ ಹಾಗೆ ತುಟಿ ಮಡಚಿ, ಮಿರ್ಚಿ ತಿಂದ ಎಣ್ಣೆಬೆರಳನ್ನು ಅದೇ ಗುಂಡಿಗಳ ಮೇಲೆ ಆಡಿಸುತ್ತಿದ್ದಾನೆ — ಪಾಸ್‌ವರ್ಡ್ ನೆನಪು ಮಾಡ್ಕೊಳ್ರಿ ಅಕ್ಕಾರ, ಇದು ಬಯೋಸಿಂದು, ಮಷಿನ್ ಕಣ್ಣು ಬಿಡೋಕಿಂತ ಮೊದ್ಲ ಕೇಳೋದು, ಸೆಲ್ ಬಿಚ್ಚಿ ಹಾಕಿದ್ರೂ ಮರೀಲಿಲ್ಲ, ಚಿಪ್ಪಿನ್ಯಾಗ ಕುಂತೈತಿ. ಕಪ್ಪು ಪರದೆಯ ನಡುವೆ ಒಂದು ಚೌಕ, ಏನು ಹೊಡೆದರೂ ಚೌಕದಲ್ಲಿ ಚುಕ್ಕೆ, ಚುಕ್ಕೆ, ಚುಕ್ಕೆ, ತಪ್ಪಿದರೆ ಕೀಂಯ್ ಎಂದು ಕೂಗುತ್ತದೆ, ಮೂರು ಸಲ ತಪ್ಪಿದರೆ ಸತ್ತ ಹಾಗೆ ಬೀಳುತ್ತದೆ, ಆರಿಸಿ ಮತ್ತೆ ಹಚ್ಚಬೇಕು. ಪಕ್ಕದಲ್ಲಿ ಗಂಡ ಪ್ರಭುಲಿಂಗ ಕಡ್ಡಿಯಿಂದ ಹಲ್ಲು ಕುಕ್ಕಿ, ಸಿಕ್ಕಿದ್ದನ್ನು ಒಮ್ಮೆ ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ, ಇವನ ಜೊತೆ ಒಂದೇ ತಾಟಿನಲ್ಲಿ ಉಂಡಿದ್ದೇನಲ್ಲ. ಮೊದಲು ಅವನು ಹೊಡೆಸಿದ್ದು ತನ್ನದೇ ಹೆಸರು, ಪ್ರಭುಲಿಂಗ ಅಂತ ಹೊಡೀರಿ, ಮತ್ಯಾರ ಹೆಸರಿಡ್ತಾಳ, ತನ್ನ ಮೇಲೆ ಎಂಥ ನಂಬಿಕೆ ಅವನಿಗೆ, ಚುಕ್ಕೆ ಬಿದ್ದವು, ಕೀಂಯ್ ಎಂದಿತು, ಅವನ ಮುಖ ಇಳಿಯಿತು. ಮತ್ತ ಯಾರ ಹೆಸರಿಟ್ಟೀಯಲೇ, ಅಂದ ಅಂಗಡಿಯವನ ಮುಂದೆಯೇ, ಅಂಗಡಿಯವನು ಗುಟ್ಕಾದೊಳಗೇ ನಕ್ಕ, ಆ ನಗೆಯನ್ನು ಬಟ್ಟೆ ಹಾಕಿ ಒರೆಸಬೇಕೆನಿಸಿತು ಅವಳಿಗೆ. ಆಮೇಲೆ ಮಗನ ಹೆಸರು, ಮಗ ಆಗ ಹುಟ್ಟಿಯೇ ಇರಲಿಲ್ಲ ಎಂದು ಹೇಳುವಷ್ಟರಲ್ಲಿ ಹೊಡೆದಾಗಿತ್ತು, ಆಮೇಲೆ ದೊಡ್ಡಬಸವೇಶ್ವರ, ದೇವರೂ ಚುಕ್ಕೆಯಾಗಿ ಹೋದ.

ತೆರೆಯದಿದ್ದರೆ ಇದನ್ನ ಇಲ್ಲೇ ಒಗದು ಹೋಗೋಣು, ಬಿಡಿಭಾಗಕ್ಕರ ಆಗ್ತೈತಿ, ಕಸೂತಿ ಮಷಿನ್ನೂ ವಾಪಸ್ ಕಳಿಸ್ತೀನಿ, ಎಂದು ಕುರುಗೋಡಿನಿಂದ ಬಸ್ಸು ಹತ್ತಿದಾಗಿನಿಂದ ಗಂಡನದು ಒಂದೇ ರಾಗ. ಜೀನ್ಸ್ ಪ್ಯಾಂಟಿನ ಹಿಂದಿನ ಜೇಬಿಗೆ ಕಸೂತಿ ಹಾಕುವ ಮಷಿನ್ನು, ಕೈ ಬದಲಾಗಿ ಬದಲಾಗಿ ಇವರ ಪ್ಯಾಂಟು ಹೊಲಿಯುವ ಶೆಡ್ಡಿಗೆ ಬಂದು ನಿಂತಿದೆ, ಅದರ ಅಗಲ ಪಿನ್ನಿನ ವೈರು ಚುಚ್ಚಲು ಹೊಸ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ, ಈ ಹಳೆಯದೇ ಆಗಬೇಕು. ತೆರೆದರೆ ಆ ಮಷಿನ್ನಿನ ಮುಂದೆ ಕೂರುವವಳು ಅವಳು, ಮದುವೆಗೆ ಮೊದಲು ಸಿರುಗುಪ್ಪದ ಕಸೂತಿ ಕ್ಲಾಸಿನಲ್ಲಿ ಬಳ್ಳಿ, ನವಿಲು, ಗಾಲಿ ಎಲ್ಲವನ್ನೂ ಇದೇ ಪರದೆಯ ಮೇಲೆ ಬರೆಯಲು ಕಲಿತವಳು, ತೆರೆಯದಿದ್ದರೆ ಮತ್ತೆ ಅದೇ ಪ್ಯಾಂಟಿನ ರಾಶಿ, ಅದೇ ದಾರ ಕತ್ತರಿಸುವುದು, ಮೂಗಿನಲ್ಲಿ ನೀಲಿ ಧೂಳು, ಉಗುಳಿದರೆ ನೀಲಿ, ಅನ್ನ ಕಲಸಿದರೆ ಬೆರಳ ತುದಿಯಿಂದ ನೀಲಿ, ಛೀ. ಇಷ್ಟು ವರ್ಷ ಇದನ್ನು ಅಟ್ಟಕ್ಕೆ ಹಾಕಿದ್ದು ಅತ್ತೆ, ಸೊಸಿ ಪೆಟಿಗಿ ಮುಂದ ಕುಂತ್ರ ರೊಟ್ಟಿ ಬಡಿಯೋರ್ಯಾರು ಅಂತ, ಹಳೆ ಕೌದಿಯ ಕೆಳಗೆ, ಇಲಿ ಹಿಕ್ಕೆಯ ನಡುವೆ, ನಾನೂ ಹೂಂ ಅಂದೆನಲ್ಲ, ಒಂದು ದಿನವಾದರೂ ಏಣಿ ಹಾಕಿ ಹತ್ತಲಿಲ್ಲವಲ್ಲ, ಹಿಕ್ಕೆಗಿಂತ ಹೆಚ್ಚು ಹೇಸಿಗೆ ಅದರದ್ದು. ಲಾಸ್ಟ್ ಒಂದ್ಸಲ ನೋಡ್ರಿ ಅಕ್ಕಾರ, ಚನ್ನಬಸವರಾಜ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ ಬಾಗಿಲಾಚೆ ಉಗುಳಲು ಎದ್ದ. ಜಿ ಗುಂಡಿಯ ಅಂಚಿನಲ್ಲಿ ಹಳದಿ, ಇದು ಜಿಡ್ಡಲ್ಲ, ಅರಿಶಿನ — ತವರು ರಾರಾವಿಯಲ್ಲಿ ಅವಳಿಗೆ ಅರಿಶಿನ ಹಚ್ಚಿದ ದಿನ, ಅಣ್ಣನ ಗೆಳೆಯರು ಇದೇ ಲ್ಯಾಪ್‌ಟಾಪ್ ಒಯ್ದು ಹಿತ್ತಲಿನಲ್ಲಿ ಹೊಲಸು ಸಿನಿಮಾ ಹಾಕಿ ಕಿಸಿಕಿಸಿ ನಗುತ್ತಿದ್ದರು, ಕಿತ್ತುಕೊಂಡು ಬಂದು ಒರೆಸಿದ್ದೇ ಒರೆಸಿದ್ದು, ಅರಿಶಿನದ ಕೈಯಲ್ಲೇ ಪಾಸ್‌ವರ್ಡಿನ ಬೀಗ ಹಾಕಿದಳು, ಯಾರ ಹೆಸರು ಎಂದು ಯೋಚಿಸಲೂ ಇಲ್ಲ, ತನ್ನದೇ, ತನ್ನ ಹೆಸರನ್ನು ಯಾರಾದರೂ ಮರೆಯುತ್ತಾರೆಯೇ. ಆಮೇಲೆ ಕುರುಗೋಡು, ಹೊಸ್ತಿಲು, ಹಿರಿಯರ ಗುಸುಗುಸು, ಅತ್ತಿ ಹೆಸರೂ ಸೊಸಿ ಹೆಸರೂ ಒಂದ ಆದ್ರ, ಮಗ ತಾಯಿ ಹೆಸರು ಹಿಡಿದು ಹೆಂಡ್ತೀನ ಹೆಂಗ ಕರೀತಾನ, ಬದಲು ಮಾಡ್ರಿ, ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಶಶಿರೇಖಾ ಎಂದು ಗೀಚಿಸಿದರು, ಅವಳನ್ನು ಯಾರೂ ಕೇಳಲಿಲ್ಲ, ತವರಿನವರೂ ಬರಬರುತ್ತ ಹಾಗೆಯೇ ಕರೆಯತೊಡಗಿದರು, ಬೆಳಗಿನಿಂದ ಊರವರ ಹೆಸರೆಲ್ಲ ಹೊಡೆಸಿದ್ದಾಯಿತು, ದೇವರನ್ನೂ ಬಿಡಲಿಲ್ಲ, ಇದೊಂದು ಮಾತ್ರ ನೆನಪಿಗೆ ಬರಲಿಲ್ಲ, ಥೂ ನನ್ನ ಜನ್ಮಕ್ಕೆ.

ಬೆರಳು ತಾವಾಗಿಯೇ ಓಡಿದವು, ಜಿರಳೆಯ ಕಾಲನ್ನೂ ತುಳಿದುಕೊಂಡು, ಚೌಕದ ತುಂಬ ಚುಕ್ಕೆ, ಕೀಂಯ್ ಎನ್ನಲಿಲ್ಲ, ಒಳಗೆ ಫ್ಯಾನು ಗುರ್ ಎಂದು ತಿರುಗಿ ಧೂಳು ಕಕ್ಕಿತು, ಪರದೆ ಬೆಳಗಿತು, ಮೂಲೆಯಲ್ಲಿ ಅವಳ ನವಿಲು, ಅವಳ ಬಳ್ಳಿ, ಎಲ್ಲ ಇಟ್ಟಲ್ಲೇ ಇವೆ. ಪ್ರಭುಲಿಂಗ ಕಡ್ಡಿ ಬಿಸಾಕಿ ಎದ್ದು ಬಂದ, ತೆಗೆದೇ ಬಿಟ್ಲು ನೋಡ್ರಿ, ಏನಿತ್ತಲೇ, ಹೇಳು, ಇವ್ರು ಚೀಟಿ ಬರದು ಅಂಟಿಸ್ತಾರ. ಬಾಯಿ ತೆರೆದಳು, ಅತ್ತೆಯ ಹೆಸರು ಸೊಸೆ ಹೇಳುವಂತಿಲ್ಲ, ತನ್ನ ಹೆಸರನ್ನು ತಾನೇ ಹೇಳುವಂತಿಲ್ಲ, ಎಂಥ ದರಿದ್ರ ಬಾಳಿದು — ಅದು ನಾ ಬಾಯಿಲೆ ಹೇಳಂಗಿಲ್ರಿ, ಅಂದಳು. ಅವನು ತಲೆ ಕೆರೆದುಕೊಂಡ, ಗಂಡನ ಹೆಸರಲ್ಲ, ಅದನ್ನು ಹೊಡೆದಾಗಿದೆ, ತಟ್ಟನೆ ಮುಖ ಅರಳಿತು, ನಮ್ಮವ್ವನ ಹೆಸರಾ, ಏ, ನಮ್ಮವ್ವನ ಹೆಸರಿಟ್ಟಾಳ್ರಿ ಇಕಿ, ಅತ್ತಿ ಮ್ಯಾಗ ಎಷ್ಟು ಭಕ್ತಿ ನೋಡ್ರಿ. ಅವನಿಗೆ ನೆನಪೇ ಇಲ್ಲ. ಲಗ್ನಪತ್ರಿಕೆಯಲ್ಲಿ ತನ್ನ ಹೆಸರಿನ ಪಕ್ಕ ಅಚ್ಚಾಗಿದ್ದ ಹೆಸರು, ನೆನಪೇ ಇಲ್ಲ, ಹಲ್ಲು ಬಿಟ್ಟು ನಗುತ್ತಿದ್ದಾನೆ, ಸಂದಿಯಲ್ಲಿ ಇನ್ನೂ ಸೊಪ್ಪು. ಬರ್ಕೊಳ್ರಿ, ಗುರುಬಸಮ್ಮ, ಅಂದ, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ, ಗುರುಬಸಮ್ಮ, ಮತ್ತು ಅವಳ ಬಾಯಿಂದ ಆಂ ಎಂದು ಬಂದೇಬಿಟ್ಟಿತು, ಕರೆದವರಿಗೆ ಓಗೊಟ್ಟ ಹಾಗೆ, ಇಬ್ಬರಿಗೂ ಕೇಳಿಸಲಿಲ್ಲ, ಚನ್ನಬಸವರಾಜ ಖಾತ್ರಿ ಮಾಡಿಕೊಳ್ಳಲು ಮಷಿನ್ ಆರಿಸಿ ಮತ್ತೆ ಹಚ್ಚಿದ, ಎಣ್ಣೆಬೆರಳು ಒಂದೊಂದೇ ಗುಂಡಿ ಒತ್ತಿತು, ಕಪ್ಪು ಪರದೆ, ಚೌಕ, ಚೌಕದೊಳಗೆ ಚುಕ್ಕೆ, ಚುಕ್ಕೆ, ಚುಕ್ಕೆ