ದುಂಡು ಮೂಲೆಯ ತೇಪೆ

ಎದುರು ಕೂತವನು ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ಮಗುಚಿದ, ಮತ್ತೆ ಹಚ್ಚಿಕೊಂಡ, ಮತ್ತೆ ಮಗುಚಿದ, ಥೂ, ಹೇಳುವವರು ಕೇಳುವವರು ಯಾರೂ ಇಲ್ಲವೇ ಈ ಲೈಬ್ರರಿಯಲ್ಲಿ, ಅಪ್ಪ ಇನ್ನೂ ಇಲ್ಲಿ ಕೆಲಸಕ್ಕಿದ್ದಿದ್ದರೆ ಪೇಪರು ಕಿತ್ತುಕೊಂಡು, ಸ್ವಾಮೀ, ನಾಲಿಗೇನ ಮನೇಲಿಟ್ಟು ಬನ್ನಿ ಅನ್ನುತ್ತಿದ್ದ — ಎಂದುಕೊಂಡಳು, ಎಂದುಕೊಂಡದ್ದೇ ತಡ ತನ್ನ ಮೇಲೇ ಸಿಟ್ಟು ಬಂತು, ಈ ಹೊತ್ತಿನಲ್ಲೂ ಅಪ್ಪನ ಕಡೆಗೇ ವಾಲುತ್ತದಲ್ಲ ಈ ಹಾಳು ಮನಸ್ಸು, ಅಪ್ಪನ ಕೈಕೆಲಸವೇ ಹೆಬ್ಬೆರಳಿನ ಕೆಳಗೆ ಕೂತು ಹಲ್ಲು ಕಿರಿಯುತ್ತಿರುವಾಗ. ತೇಪೆ. ವರ್ಷದ ದಿನಪತ್ರಿಕೆಗಳನ್ನೆಲ್ಲ ಒಟ್ಟಿಗೆ ಹೊಲಿದ ಈ ದಪ್ಪ ಸಂಪುಟದಲ್ಲಿ, ಭಾನುವಾರದ ಪುಟದ ಕೆಳಗೆ ಒಂದು ಚೌಕವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಿದೆ, ತೆಗೆದ ಜಾಗಕ್ಕೆ ತೆಳು ಕಾಗದ ಅಂಟಿಸಿದೆ, ಮುಂದಿನ ಭಾನುವಾರಕ್ಕೂ ಹಾಗೇ, ಅದರ ಮುಂದಿನದಕ್ಕೂ ಹಾಗೇ — ಲೈಬ್ರರಿಯ ಪೇಪರು ಕತ್ತರಿಸುವ ಕಳ್ಳರು ಬೇಕಾದಷ್ಟು ಜನ ಇರುತ್ತಾರೆ, ಕತ್ತರಿಸಿ ಆಮೇಲೆ ಕೂತು ನಾಜೂಕಾಗಿ ತೇಪೆ ಹಾಕುವ ಕಳ್ಳ ಎಲ್ಲಿರುತ್ತಾನೆ, ಅದೂ ನಾಲ್ಕೂ ಮೂಲೆ ದುಂಡಗೆ ಮಾಡಿ. ಚೂಪು ಮೂಲೆ ಬೇಗ ಎದ್ದೇಳುತ್ತೆ ಪುಟ್ಟಿ, ದುಂಡಗೆ ಮಾಡಿದ್ರೆ ಅಲುಗಾಡಲ್ಲ ನೋಡು. ಹಿಂದುಗಡೆಯ ಬೈಂಡಿಂಗ್ ಕೋಣೆ, ಕುದಿಸಿದ ಅಂಟಿನ ಹುಳಿ ವಾಸನೆ, ಮೇಜಿನ ಕೆಳಗೆ ಅವಳು, ಮೇಲೆ ಅಪ್ಪನ ಕತ್ತರಿಯ ಕಚಕಚ, ಹರಿದ ಶಾಲೆಯ ಪುಸ್ತಕಕ್ಕೆ ಅಪ್ಪ ಹಾಕಿದ ತೇಪೆಯನ್ನು ಟೀಚರು ಕ್ಲಾಸಿಗೆಲ್ಲ ಎತ್ತಿ ತೋರಿಸಿದ್ದು, ಅವಳು ಹೆಮ್ಮೆಯಿಂದ ಉಬ್ಬಿಹೋದದ್ದು, ಈಗ ಅವಳದೇ ಟೈಲರಿಂಗ್ ಅಂಗಡಿಯಲ್ಲಿ ಮಂಡಿ ಹರಿದ ಪ್ಯಾಂಟಿಗೂ ದುಂಡು ಮೂಲೆಯದೇ ತೇಪೆ, ಅಪ್ಪನಿಂದ ಬಂದ ವಿದ್ಯೆ ಎಂದು ಗಿರಾಕಿಗಳ ಮುಂದೆ ಜಂಬ ಬೇರೆ. ಹೆತ್ತ ಮಗಳ ಕಣ್ಣಿಗೆ ಮಣ್ಣೆರಚುವುದಕ್ಕೆ ಕೈ ನಡುಗಲಿಲ್ಲ, ಪುಟದಲ್ಲಿ ತೂತು ಬಿಡುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ ಆ ಮನುಷ್ಯನಿಗೆ.

ಆದರೆ ಏನನ್ನು ಕತ್ತರಿಸಿದ, ಅದು ಗೊತ್ತಾಗಬೇಕು, ಗೊತ್ತಾಗದೆ ಇಲ್ಲಿಂದ ಏಳುವವಳಲ್ಲ. ಓಡಿಹೋದೋಳ ಸುದ್ದಿ ಈ ಮನೇಲಿ ಎತ್ತಬೇಡ — ಬುದ್ಧಿ ಬಂದಾಗಿನಿಂದ ಅಪ್ಪನ ಬಾಯಿಂದ ಕೇಳಿದ್ದು ಅದೊಂದೇ, ನಿಮ್ಮಮ್ಮ ಮೂರು ವರ್ಷದ ಕೂಸನ್ನ ಬಿಟ್ಟು ಓಡಿಹೋದಳು, ನಿನ್ನ ಎತ್ತಿಕೊಂಡು ಗುರುತು ಪರಿಚಯ ಇಲ್ಲದ ಈ ಊರಿಗೆ ಬಂದೆ, ಇನ್ನೊಂದು ಮದುವೆ ಕೂಡ ಮಾಡಿಕೊಳ್ಳಲಿಲ್ಲ ನಿನಗೋಸ್ಕರ. ಆ ನಿನಗೋಸ್ಕರದ ಕೆಳಗೆ ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ಬಂದಳು, ಬಿಟ್ಟುಹೋದವಳನ್ನು ಮನಸ್ಸಿನಲ್ಲೇ ಬೈದು ಬೈದು ಬೆಳೆದಳು, ನೀನು ಸತ್ತರೂ ನನ್ನ ಕಣ್ಣಲ್ಲಿ ಒಂದು ಹನಿ ಬರಲ್ಲ ಕಣೇ ಎಂದು ಕನ್ನಡಿಯ ಮುಂದೆ ಹಲ್ಲು ಕಚ್ಚಿ ಹೇಳಿದ್ದಾಳೆ. ಈಗ ಮಗಳು ಬಸುರಿ, ಅವಳ ರಕ್ತದಲ್ಲಿ ಏನೋ ದೋಷ ಕಂಡಿದೆ, ಡಾಕ್ಟರಮ್ಮ ಕೇಳಿದರು, ನಿಮ್ಮ ತಾಯಿ ಕಡೆ ಯಾರಿಗಾದ್ರೂ ಈ ಕಾಯಿಲೆ ಇತ್ತಾ? ಗೊತ್ತಿಲ್ಲ ಡಾಕ್ಟ್ರೇ. ತಾಯಿ ಇದ್ದಾರಾ? ಅದೂ ಗೊತ್ತಿಲ್ಲ. ಹೆಸರು? ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತಿದ್ದಳು, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಕೇಳಿದರೆ ಅಪ್ಪ ಊಟದ ತಟ್ಟೆ ತಳ್ಳಿದ, ನಿಮ್ಮಮ್ಮ ಮಾಡಿದ ಘನಂದಾರಿ ಕೆಲಸ ಪೇಪರಿನಲ್ಲೂ ಬಂದಿತ್ತು, ಮಾನ ಮರ್ಯಾದೆ ಎಲ್ಲ ಹರಾಜಾಯ್ತು, ಸಾಕಾ? — ಅಂದವನು ತಟಕ್ಕನೆ ಬಾಯಿ ಮುಚ್ಚಿಕೊಂಡ, ಈ ವಯಸ್ಸಿನಲ್ಲೂ ಅಷ್ಟು ಚುರುಕಾಗಿ ಬಾಯಿ ಮುಚ್ಚಬಲ್ಲ, ಮಾತ್ರೆ ನುಂಗು ಅಂದರೆ ಮಾತ್ರ ತೆರೆಯುವುದಿಲ್ಲ. ಪೇಪರಿನಲ್ಲಿ ಬಂದಿದ್ದರೆ ಲೈಬ್ರರಿಯಲ್ಲಿ ಇರಲೇಬೇಕು, ಈ ಊರಿಗೆ ಬಂದ ವರ್ಷ ಯಾವುದೆಂದು ಗೊತ್ತೇ ಇದೆ, ಅದಕ್ಕೇ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಇಲ್ಲಿಗೆ ಬಂದಳು.

ಲೈಬ್ರರಿಯನ್ ತೇಪೆಗಳನ್ನು ನೋಡಿ ತಲೆ ತುರಿಸಿಕೊಂಡ, ಅಯ್ಯೋ, ಇದನ್ನ ಯಾರು ಮಾಡಿದ್ರೋ ಮೇಡಂ, ಇರಿ, ಪೇಪರ್ ಆಫೀಸಿನವರು ತಮ್ಮ ಸ್ವಂತ ಪ್ರತಿಯ ಪುಟಗಳನ್ನೆಲ್ಲ ಫೋಟೋ ತೆಗೆಸಿದ ಫಿಲ್ಮ್ ಇದೆ, ಯಂತ್ರಕ್ಕೆ ಹಾಕಿ ನೋಡಬಹುದು, ಅದರಲ್ಲಿ ಪೂರ್ತಿ ಇರಬೇಕು. ಯಾರು ಮಾಡಿದ್ರೋ ಅಂತೆ, ನಿಮ್ಮ ಸಂಬಳ ತಿಂದವನೇ ಮಾಡಿದ್ದು, ರಿಟೈರಾದ ದಿನ ಶಾಲು ಹೊದಿಸಿದಿರಲ್ಲ, ಅವನೇ — ಹೇಳಲಿಲ್ಲ, ನಾಲಿಗೆಯ ತುದಿಯಲ್ಲೇ ತಡೆದಳು, ಈಗಲೂ ಅವನ ಮಾನ ಕಾಯುವವಳು ಇವಳೇ. ಯಂತ್ರದ ದೀಪ ಹತ್ತಿತು, ತಿರುಗಣೆ ತಿರುಗಿಸಿದರೆ ದಿನಗಳು ಸರಸರ ಓಡುತ್ತವೆ, ಬುಧವಾರ, ಗುರುವಾರ, ಯಾರದೋ ಭಾಷಣ, ಸೋಪಿನ ಜಾಹೀರಾತು, ಶನಿವಾರ, ಭಾನುವಾರ, ನಿಲ್ಲಿಸು. ಮಗು ಕಾಣೆಯಾಗಿದೆ. ಅಮ್ಮ ಅಲ್ಲ, ಓಡಿಹೋದ ಹೆಂಗಸಲ್ಲ, ಮಗು. ವಯಸ್ಸು ಮೂರು, ಗುಂಗುರು ಕೂದಲು, ಬಲ ಹುಬ್ಬನ್ನು ಸೀಳಿದ ಗಾಯದ ಗುರುತು, ಬಟಾಣಿ ಎಂದು ಕರೆದರೆ ತಿರುಗಿ ನೋಡುತ್ತಾಳೆ, ಆಡಿಸಿಕೊಂಡು ಬರುತ್ತೇನೆಂದು ಕರೆದುಕೊಂಡು ಹೋದ ತಂದೆ ಹಿಂತಿರುಗಿಲ್ಲ, ಕಂಡವರು ದಯವಿಟ್ಟು ತಾಯಿಗೆ ತಿಳಿಸಿ. ಬೆರಳು ತಾನಾಗಿಯೇ ಹುಬ್ಬಿಗೆ ಹೋಯಿತು, ಅಲ್ಲೇ ಇದೆ, ಕೂದಲು ಬೆಳೆಯದ ಆ ಗೆರೆ, ಮೆಟ್ಟಿಲ ಮೇಲಿಂದ ಬಿದ್ದೆಯಂತೆ ಎಂದಷ್ಟೇ ಅಪ್ಪ ಹೇಳಿದ್ದು. ಬಟಾಣಿ. ಯಾರೂ ಯಾವತ್ತೂ ಹಾಗೆ ಕರೆದಿಲ್ಲ, ಕರೆದಿದ್ದರೆ ತಿರುಗುತ್ತಿದ್ದೆನೇ ನಾನು? ಪಟ ಚಿಕ್ಕದು, ಸ್ಟುಡಿಯೋದಲ್ಲಿ ತೆಗೆಸಿದ್ದು, ಇಬ್ಬರಿದ್ದ ಪಟದಿಂದ ಮಗುವನ್ನಷ್ಟೇ ಬಿಡಿಸಿ ಅಚ್ಚು ಹಾಕಿದ್ದಾರೆ, ಆದರೂ ಅಂಚಿನಲ್ಲಿ ಒಂದು ಕೈ ಉಳಿದುಬಿಟ್ಟಿದೆ, ಮಣಿಕಟ್ಟಿನವರೆಗೆ ಮಾತ್ರ, ಮಗು ಅಲುಗಾಡದಿರಲೆಂದು ತೋಳು ಹಿಡಿದ ಹೆಂಗಸಿನ ಕೈ. ಮುಂದಿನ ಭಾನುವಾರ ಮತ್ತೆ ಅದೇ ಮಗು, ಅದೇ ಕೈ. ಅದರ ಮುಂದಿನ ವಾರವೂ. ಆಮೇಲೆ ಪಟ ಇಲ್ಲ, ಬರೀ ಅಕ್ಷರ, ಆಮೇಲೆ ಎರಡೇ ಸಾಲು, ಆಮೇಲೊಂದು ಭಾನುವಾರ ಆ ಜಾಗದಲ್ಲಿ ಯಾರೋ ಸೈಕಲ್ಲು ಮಾರುತ್ತಿದ್ದಾನೆ.

ಓಡಿಹೋದಳಂತೆ, ಓಡಿಹೋದವನು ನೀನು! ಊರೆಲ್ಲ ಓದಿರಬೇಕಲ್ಲ ಇದನ್ನು, ಪಕ್ಕದ ಮನೆಯವರು, ಹಾಲಿನವಳು, ಯಾರಿಗೂ ಹೊಳೆಯಲಿಲ್ಲವೇ — ಹೇಗೆ ಹೊಳೆಯುತ್ತದೆ, ಊರಿಗೆ ಬಂದ ದಿನವೇ ತಲೆ ಬೋಳಿಸಿದ್ದನಲ್ಲ, ಹೇನು ಬಿದ್ದಿತ್ತು ಪುಟ್ಟಿ, ವರ್ಷವಿಡೀ ನಿಂದು ಬೋಡು ತಲೆ ಎಂದು ಅಕ್ಕಪಕ್ಕದವರ ಮುಂದೆ ಹೇಳಿ ಹೇಳಿ ನಗುತ್ತಿದ್ದ, ಅವಳೂ ನಗುತ್ತಿದ್ದಳು, ಅಯ್ಯೋ ದೇವರೇ, ಅವಳೂ ಜೊತೆಗೆ ಕೂತು ನಗುತ್ತಿದ್ದಳು. ಊರು ಓದಿ ಮರೆತಾದ ಮೇಲೆ ವರ್ಷದ ಕೊನೆಗೆ ಬೈಂಡಿಂಗಿಗೆ ಬಂದ ಪೇಪರನ್ನು ಕೂತು ಕತ್ತರಿಸಿದ್ದು ಯಾರಿಗೋಸ್ಕರ? ಊರಿಗಲ್ಲ, ಪೊಲೀಸರಿಗಲ್ಲ, ನನಗೆ. ದೊಡ್ಡವಳಾಗಿ ಇಲ್ಲೇ ಬಂದು ಓದುತ್ತಾಳೆ ಎಂದು ಗೊತ್ತಿತ್ತು, ಓದು ಪುಟ್ಟಿ, ಎಷ್ಟು ಬೇಕಾದ್ರೂ ಓದು, ಈ ಕಪಾಟೆಲ್ಲ ನಿಂದೇ ಅಂತ ಬೆನ್ನು ತಟ್ಟುತ್ತಿದ್ದವನು ಮೊದಲೇ ಬ್ಲೇಡು ಆಡಿಸಿ ಮುಗಿಸಿದ್ದ. ಮೇಜಿನ ಕೆಳಗೆ ಬಿದ್ದ ಕಾಗದದ ಚೂರುಗಳನ್ನು ಗುಡ್ಡೆ ಹಾಕಿ ಆಡುತ್ತಿದ್ದೆನಲ್ಲ, ಅದರಲ್ಲಿ ಇದೂ ಇತ್ತೇನೋ, ನನ್ನದೇ ಮುಖ, ಆ ಕೈ, ಮುದುರಿ ಉಂಡೆ ಮಾಡಿ ಎಸೆದಿರಬೇಕು ನಾನೇ. ಪರ್ಸಿನಲ್ಲಿ ಫೋನು ಗುರುಗುಟ್ಟಿತು, ಮಗಳು, ಅಮ್ಮಾ ಎಲ್ಲಿದ್ದೀಯಾ, ತಾತ ಮಾತ್ರೆ ತಗೊಳ್ತಿಲ್ಲ, ನೀನೇ ಬಂದು ಕೊಡಬೇಕಂತೆ, ಹಟ ಹಿಡಿದು ಕೂತಿದಾರೆ, ಬೇಗ ಬಾ. ಕೊಡದೆ ಏನು, ದಿನಾ ಕೊಟ್ಟವಳು, ಬಿಸಿನೀರು ಆರಿಸಿ, ಮಾತ್ರೆ ಮುರಿದು, ಆ ಬಾಯಿ ಒರೆಸಿ — ಹೋಗುತ್ತೇನೆ, ಹೋಗಿ ಎದುರಿಗೆ ನಿಂತು, ಅಪ್ಪ, ನನ್ನಮ್ಮ ಎಲ್ಲಿದ್ದಾಳೆ, ಬದುಕಿದ್ದಾಳಾ, ಬದುಕಿದ್ದರೆ ಎಷ್ಟು ವಯಸ್ಸು, ಎಷ್ಟು ಭಾನುವಾರ ಕಾದಿರಬೇಕು ಅವಳು ಎಂದು — ಅಲ್ಲ, ಅಪ್ಪ ಅನ್ನಬಾರದು, ಇನ್ನು ಮುಂದೆ ಈ ಬಾಯಿಂದ — ಮೇಡಂ, ಮುಚ್ಚೋ ಹೊತ್ತಾಯ್ತು, ಯಂತ್ರ ಆರಿಸ್ತೀನಿ ಎಂದು ಲೈಬ್ರರಿಯನ್ ಸ್ವಿಚ್ಚಿನತ್ತ ಬಾಗಿದ, ಮುಟ್ಟಬೇಡ! ಎಂದು ಅವಳ ಗಂಟಲು ಕಿರುಚಿತು, ಎಂಜಲ ಬೆರಳಿನವನು ತಲೆಯೆತ್ತಿ ನೋಡಿದ, ನೋಡಲಿ, ಎಲ್ಲರೂ ನೋಡಲಿ. ತಿರುಗಣೆಯನ್ನು ಹಿಂದಕ್ಕೆ ತಿರುಗಿಸಿದಳು, ಸೈಕಲ್ಲು ಹೋಯಿತು, ಅಕ್ಷರಗಳು ಹೋದವು, ಮೊದಲ ಭಾನುವಾರ ಬಂದು ನಿಂತಿತು. ಹೋಗಿ ಕೇಳುತ್ತೇನೆ, ಎದುರಿಗೆ ನಿಂತು, ಮೊದಲು ಏನೆಂದು — ನಾಲ್ಕು ಬೆರಳು ಕಾಣುತ್ತವೆ, ಹೆಬ್ಬೆರಳು ತೋಳಿನ ಹಿಂದಿದೆ. ಹೋಗಿ, ಆ ಮನುಷ್ಯನ ಎದುರಿಗೆ — ಹಿಡಿದ ಕಡೆ ಫ್ರಾಕಿನ ತೋಳು ನಿರಿಗೆಗಟ್ಟಿದೆ, ಎಷ್ಟು ಬಿಗಿ ಹಿಡಿದಿದ್ದಾಳೆ, ಎಷ್ಟು ಬಿಗಿಯಾಗಿ, ಆ ಕೈ.