ಕಂದಕದ ಬೈಗುಳ

ಅಖ್ತರ್ ಬಾನುಗೆ ಮೈಕು ಕಂಡರೆ ಮೈ ಉರಿಯುತ್ತಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಆಕೆ ಗಡಿಯ ಹತ್ತಿರ ಸೇನೆಯ ರೇಡಿಯೊದಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದಳು. ಸೈನಿಕರಿಗೆ ಮನೆಯವರ ಸಂದೇಶ ಓದಿ, ಹಾಡು ಹಾಕಿ, ಕೊನೆಗೆ ‘ನಗುತ್ತಾ ಇರಿ ವೀರರೇ, ದೇಶ ನಿಮ್ಮ ಬೆನ್ನಿಗಿದೆ’ ಎನ್ನುವಳು. ರೌಫನನ್ನು ಮದುವೆಯಾಗಿ ದಾವಣಗೆರೆಗೆ ಬಂದು ವರ್ಷಗಳೇ ಕಳೆದರೂ ಆ ಮಾತು ಆಕೆಯನ್ನು ಬಿಟ್ಟಿರಲಿಲ್ಲ. ನೆಂಟರು ಚಹಾ ಕುಡಿಯುವ ಮೊದಲೇ, “ಒಂದ್ಸಲ ಅನ್ರಿ, ಕೇಳಾಣ” ಎನ್ನುವರು. ಗಂಡನ ಅಂಗಡಿಗೆ ಸೀರೆ ಕೊಳ್ಳಲು ಬಂದವರೂ ಬಿಡುತ್ತಿರಲಿಲ್ಲ.

ಹರಿಹರದಲ್ಲಿ ನಾದಿನಿಯ ಮಗಳ ಮದುವೆ. ಮೈದುನ ಫಜಲುಲ್ಲಾ ಮೈಕು ತಂದು ಮುಖಕ್ಕೆ ಹಿಡಿದ.

“ಭಾಬಿ, ಎಲ್ರನ್ನೂ ಆ ದನೀಲೇ ಊಟಕ್ಕೆ ಕರೀರಿ.”

“ಬಿರಿಯಾನಿ ತಿನ್ನಾಕ ದೇಶ ಯಾಕಪ್ಪ ಬೆನ್ನಿಗಿರಬೇಕು?”

ಅವನು ಜಗ್ಗಲಿಲ್ಲ. ನೆರೆಮನೆಯ ಕೆಂಚವೀರಪ್ಪನನ್ನು ಕರೆತಂದ. ಆ ಯುದ್ಧದಲ್ಲಿ ಕಾದಾಡಿ ಬಂದು, ಈಗ ಕಾರ್ಖಾನೆಯೊಂದರಲ್ಲಿ ಕಾವಲಿಗಿದ್ದವನು. “ಇವ್ರೇ ಹೇಳ್ಲಿ, ಭಾಬಿ ದನಿ ಕೇಳಿದ್ರೆ ಹೆಂಗೆ ಹುರುಪು ಬರ್ತಿತ್ತು ಅಂತ.”

ಕೆಂಚವೀರಪ್ಪ ನೆಲ ನೋಡಿದ. “ಸಿಟ್ಟು ಬರ್ತಿತ್ತು.”

ಫಜಲುಲ್ಲಾ ಮೈಕು ಕೆಳಗಿಳಿಸಿದ. ಅಖ್ತರ್ ಬಾನು ಕುರ್ಚಿ ಎಳೆದು ಕೊಟ್ಟಳು. “ಕೂಡ್ರಿ. ಯಾಕ ಸಿಟ್ಟು?”

“ಚಳಿಗೆ ಕಾಲು ಮರಗಟ್ಟಿ ಕಂದಕದಾಗೆ ಕುಂತಿದ್ರೆ, ನೀವು ನಗ್ತಾ ಇರಿ ಅಂತಿದ್ರಿ. ಹೊಟ್ಟೆ ಉರೀತಿತ್ತು ಅಕ್ಕಾರೆ.”

“ನನಗೂ ಉರೀತಿತ್ತು. ಆ ಮಾತು ನಂದಲ್ಲ, ಮೇಲಿನೋರು ಬರೆದು ಕೊಡ್ತಿದ್ರು. ಹಲ್ಲುನೋವಿಗೆ ಕೆನ್ನೆ ಊದಿದ್ರೂ ನಗ್ತಾ ಹೇಳು ಅಂತಿದ್ರು.”

ಅವನ ಮುಖ ಸಡಿಲವಾಯಿತು. “ನನ್ನ ಜೋಡಿದಾರ ಮಸ್ತಾನಸಾಬ್ ಅಂತ. ನಿಮ್ಮನ್ನ ಬಯ್ಯೋದ್ರಾಗೆ ನನಗಿಂತ ಜೋರು. ಬಯ್ಕೊಂತ ಬಯ್ಕೊಂತ ನಾವಿಬ್ರೂ ತೂಕಡಿಸದಂಗೆ ಕಾವಲು ಕಾಯ್ತಿದ್ವಿ. ಕಣ್ಣು ಮುಚ್ಚಿದ್ರೆ ಅವತ್ತೇ ಮುಗೀತಿತ್ತು.”

“ಅವ್ರು ಈಗೆಲ್ಲಿ?”

“ವಾಪಸ್ ಬರ್ಲಿಲ್ಲ. ಕೊನೇ ವಾರದಾಗೆ ಗುಂಡು ಬಿತ್ತು.”

ಆಕೆ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ಏನಂತ ಬಯ್ತಿದ್ರು?”

“ಬ್ಯಾಡ್ರಿ, ಮದುವೆಮನೆ.”

“ಹೇಳ್ರಿ.”

ಅವನು ಬಗ್ಗಿ ಮೆಲ್ಲಗೆ ಹೇಳಿದ. ಅಖ್ತರ್ ಬಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೂರದಲ್ಲಿದ್ದ ರೌಫ್ ತಿರುಗಿ ನೋಡಿದ. ಆಕೆ ಹಾಗೆ ನಕ್ಕದ್ದನ್ನು ಅವನು ಕಂಡಿರಲಿಲ್ಲ.

“ಊಟಕ್ಕೆ ನೀನೇ ಕರಿ,” ಎಂದು ಮೈಕನ್ನು ಮೈದುನನತ್ತ ತಳ್ಳಿ, ಕೆಂಚವೀರಪ್ಪನ ಕಡೆ ತಿರುಗಿದಳು. “ಇನ್ನೇನು ಅಂತಿದ್ರು?”